ನೀಲಿ ಕಮಲದ ನಾಲ್ಕು ಟೈಲ್ಸ್

ಆ ಭಾನುವಾರ ಬೆಳಿಗ್ಗೆ ವರ್ತಕ ನಗರದ ಮೇಲೆ ಮಳೆಯೂ ಅಲ್ಲದ, ಬಿಸಿಲೂ ಅಲ್ಲದ ಮಂಕು ಕವಿದಿತ್ತು. ಹಗ್ಗದ ಮೇಲಿನ ಬಟ್ಟೆಗಳು ಒಣಗಲೋ ಬೇಡವೋ ಎಂದು ಯೋಚಿಸುತ್ತಿದ್ದವು. "ಸಿಮೆಂಟಿನ ಕೆಲಸಕ್ಕೆ ದೇವರೇ ಕೊಟ್ಟ ದಿನ" ಎಂದು ಗುಣಪಾಲ ಶೆಟ್ಟರು ಪಟಕ್ಕೆ ಕೈಮುಗಿದು, ಪಂಚೆ ಎತ್ತಿಕಟ್ಟಿ ಬಚ್ಚಲು ಹೊಕ್ಕರು.

ಕಾರಣ ಸಣ್ಣದು. ಬಚ್ಚಲಿನ ಕಿಟಕಿ ಬದಲಾಯಿಸುವಾಗ ಸುತ್ತಲಿನ ಟೈಲ್ಸ್ ಒಡೆದಿದ್ದವು. ಇಡೀ ಬಚ್ಚಲನ್ನೇ ಒಡೆಸಿ ಹೊಸತು ಮಾಡಿಸುವ ಎಂದು ಹೆಂಡತಿ ಪ್ರಫುಲ್ಲಾಳ ಹಟ.

"ಹಳೇ ಟೈಲ್ಸೇ ಅಟ್ಟದಲ್ಲಿ ಉಂಟು ಮಾರಾಯ್ತಿ. ನೀನು ಘಣಸೋಲಿಯ ಅಕ್ಕನ ಮನೆಗೆ ಹೋಗಿ ಬಾ. ಬರುವಷ್ಟರಲ್ಲಿ ಎಲ್ಲಿ ಒಡೆದದ್ದು ಅಂತ ಗೊತ್ತೇ ಆಗ್ಲಿಕ್ಕಿಲ್ಲ."

"ಗೊತ್ತಾದ್ರೆ ನಾಳೆಯೇ ಒಡೆಸುದು" ಎಂದು ಆಕೆ ಹೊರಟಿದ್ದಳು.

ಬೇಕಾದದ್ದು ನೀಲಿ ಕಮಲದ ಹನ್ನೆರಡು ಟೈಲ್ಸ್. ಅಟ್ಟದ ಪೆಟ್ಟಿಗೆಯಲ್ಲಿ ಇದ್ದದ್ದು ಎಂಟು.

"ಹನ್ನೆರಡು ಇಟ್ಟದ್ದು ನೆನಪುಂಟು. ಇವಕ್ಕೆ ಕಾಲು ಬಂತಾ?" ಎಂದರು ಶೆಟ್ಟರು. ಸಹಾಯಕ್ಕೆ ಬಂದಿದ್ದ ಎದುರು ಮನೆಯ ವೀರಭದ್ರಪ್ಪ ಥಟ್ಟನೆ ಕಿಟಕಿಯ ಕಡೆ ಮುಖ ತಿರುಗಿಸಿದರು.

"ಗಾಳಿ ಭಾಳ ಚೊಲೋ ಬರ್ತೈತಿ ನೋಡ್ರಿ ಇಲ್ಲಿ."

ಆ ಕಿಟಕಿಯ ನಾಲ್ಕು ಬದಿಗಳು ಒಂದೇ ಮನೆಗೆ ಬಂದ ನಾಲ್ಕು ಸೊಸೆಯರಂತೆ. ಒಡೆದ ಟೈಲ್ಸ್ ಕಿತ್ತರೆ ಎಡಕ್ಕೆ ಹಳೇ ಎಣ್ಣೆಬಣ್ಣದ ನುಣುಪು, ಬಲಕ್ಕೆ ನೀರು ಸೋರಿ ಮುಟ್ಟಿದರೆ ಉದುರುವ ಗಿಲಾವು, ಕೆಳಗೆ ಜಾರುವ ಕಡಪಾ ಕಲ್ಲು, ಮೇಲೆ ಸೊಟ್ಟ ಗೋಡೆ. ಎಣ್ಣೆಬಣ್ಣದ ಮೇಲೆ ಕೂರಿಸಿದ ಮೊದಲ ಟೈಲು, ಹರಿಕಥೆಯಲ್ಲಿ ತೂಕಡಿಸುವ ಅಜ್ಜನ ತಲೆಯಂತೆ ಮೆಲ್ಲಮೆಲ್ಲಗೆ ಕೆಳಗಿಳಿಯಿತು.

"ಒತ್ತಿ ಹಿಡೀರಿ ಶೆಟ್ರ!"

"ಹಿಡಿದೇ ಇದ್ದೇನೆ! ಬಿಟ್ಟರೆ ನನ್ನ ಹಿಂದೆಯೇ ಬರ್ತದೆ!"

ಅಷ್ಟರಲ್ಲಿ ಹೌಸಿಂಗ್ ಸೊಸೈಟಿಯ ಸೆಕ್ರೆಟರಿ ರಮಾಕಾಂತ ಬಾಗಿಲಲ್ಲಿ ನಿಂತರು. "ಅರೇ ಶೆಟ್ಟಿ, ಭಾನುವಾರ ಠೋಕ್‌ಠೋಕ್ ಬಂದ್! ಕಂಪ್ಲೇಂಟ್ ಬಂದಿದೆ." ಬೈಯಲು ಬಂದವರು ಗೋಡೆ ಕಂಡದ್ದೇ ಮಾತು ಬದಲಾಯಿಸಿದರು. "ಪೈಂಟ್ ಮೇಲೆ ಟೈಲ್ಸ್ ನಿಲ್ಲುತ್ತಾ? ಮೊದಲು ಗೋಡೆ ಕೆತ್ತಿ ಕಚ್ಚು ಹಾಕಬೇಕು. ಕೊಡು ಇಲ್ಲಿ ಉಳಿ!" ಆಮೇಲೆ ಎಬ್ಬಿಸಿದ ಸದ್ದಿಗೆ ಮೂರು ಮಹಡಿಯ ಪಾರಿವಾಳಗಳು ಹಾರಿಹೋದವು. ಬಲಗಡೆಯ ಗಿಲಾವು ಹೆದರಿ ತಾನಾಗಿಯೇ ಬಕೆಟಿಗೆ ಬಿತ್ತು.

ಅಂತೂ ನಾಲ್ಕು ಗಂಟೆಗೆ ಎಂಟು ಕಮಲಗಳು ಗೋಡೆ ಹಿಡಿದವು. ಉಳಿದ ನಾಲ್ಕಕ್ಕಾಗಿ ಶೆಟ್ಟರು ಒಂದೊಂದೇ ಅಂಗಡಿ ಸುತ್ತಿದರು. "ಈ ಡಿಸೈನ್ ನಮ್ಮಪ್ಪನ ಕಾಲದ್ದು" ಎಂದು ಅಂಗಡಿಯವರು ನಕ್ಕರು. ಕೊನೆಗೆ ರಮಾಕಾಂತರೇ ಸೊಸೈಟಿ ಆಫೀಸಿನಲ್ಲಿ ಉಳಿದಿದ್ದ ನಾಲ್ಕು ಕಾಫಿ ಬಣ್ಣದ ಟೈಲ್ಸ್ ತಂದು, ತಾವೇ ಗುದ್ದಿ ಕೂರಿಸಿ, "ಪಕ್ಕಾ!" ಎಂದು ಕೈ ಒರೆಸಿಕೊಂಡು ಹೋದರು. ಬೆಳಗಿನಿಂದ ಸಿಮೆಂಟು ಕಲಸಿ ಕಲಸಿ ಕೊಟ್ಟ ವೀರಭದ್ರಪ್ಪ ಮಾತ್ರ ಯಾಕೋ ಒಮ್ಮೆ ಕಾಫಿ ಟೈಲ್ಸನ್ನೂ ಒಮ್ಮೆ ತಮ್ಮ ಮನೆಯ ಬಾಗಿಲನ್ನೂ ನೋಡುತ್ತ ಬೆವರು ಒರೆಸಿಕೊಂಡರು.

ಸಂಜೆ ಪ್ರಫುಲ್ಲಾ ಬಂದಳು. ಬಚ್ಚಲಿಗೆ ಇಣುಕಿದಳು.

"ಗೋಡೆಗೆ ಕಾಫಿ ಚೆಲ್ಲಿದ್ದು ಯಾರು?"

ಶೆಟ್ಟರು ಸೊಂಟ ಹಿಡಿದುಕೊಂಡು ಸ್ಟೂಲಿನ ಮೇಲೆ ಕುಸಿದರು.

"ನಾಳೆ ಒಡೆಸುದೇ. ಒಂದು ತಿಂಗಳು ಸ್ನಾನ ಇವರ ಮನೆಯಲ್ಲಿ" ಎಂದು ಆಕೆ ವೀರಭದ್ರಪ್ಪನವರ ಕಡೆ ಕೈ ತೋರಿದಳು.

ವೀರಭದ್ರಪ್ಪ ಎದ್ದು ತಮ್ಮ ಮನೆಗೆ ಹೋದರು. ಮರಳಿ ಬಂದಾಗ ಕೈಯಲ್ಲಿ ಕೆಂಪು ಬಟ್ಟೆಯ ಗಂಟು. ಬಿಚ್ಚಿದರೆ ನೀಲಿ ಕಮಲದ ನಾಲ್ಕು ಟೈಲ್ಸ್!

"ನಾಕ ವರ್ಷದ ಹಿಂದ ನೀವ ಕೊಟ್ಟಿದ್ರಿ ಶೆಟ್ರ. ಚೌತಿಗೆ ನಮ್ಮ ಗಣಪ್ಪನ ಪೀಠಕ್ಕಂತ. ವಾಪಸ್ ಕೊಡೂದು ಉಳಿದಿತ್ತು."

ಶೆಟ್ಟರಿಗೆ ಹೋದ ಜೀವ ಬಂತು. "ದೇವರು ದೊಡ್ಡವ! ಈಗಲೇ ಕಾಫಿ ಕಿತ್ತು ಕಮಲ ಕೂರಿಸ್ತೇನೆ!" ಎಂದು ಉಳಿ ಎತ್ತಿಕೊಂಡರು.

ಪ್ರಫುಲ್ಲಾ ಅಡ್ಡ ನಿಂತಳು. "ನಾಲ್ಕು ಚೌತಿ ಗಣಪತಿ ಕೂತದ್ದನ್ನು ನೀವು ಬಚ್ಚಲಿಗೆ ಹಾಕುದಾ?"

ಉಳಿ ತಾನಾಗಿ ಕೆಳಗಿಳಿಯಿತು.

"ಅದಕ್ಕ ಮುಂಜಾನಿಂದ ಹೇಳಾಕ ನನಗ ಬಾಯಿ ಬರಲಿಲ್ರಿ" ಎಂದರು ವೀರಭದ್ರಪ್ಪ, ನೆಲ ನೋಡುತ್ತ.

ಆಕೆ ಟೈಲ್ಸನ್ನು ಒಂದೊಂದಾಗಿ ಕಣ್ಣಿಗೊತ್ತಿಕೊಂಡು ದೇವರ ಮುಂದೆ ಇಟ್ಟು ಬಂದಳು. ಕೆಂಪು ಬಟ್ಟೆಯನ್ನು ನೀಟಾಗಿ ಮಡಚಿ, ಅದರ ಮೇಲೆ ಶೆಟ್ಟರು ಸ್ನಾನ ಮಾಡಿ ಮೈಯೊರೆಸುವ ಬೈರಾಸನ್ನೂ ಇಟ್ಟು, ವೀರಭದ್ರಪ್ಪನವರ ಕೈಗೆ ಕೊಟ್ಟಳು.