ಕುದಿಯದ ಮೋಟಾರು

ಏನನ್ನಾದರೂ ರಿಪೇರಿ ಮಾಡಬಲ್ಲೆನೆಂಬ ನಂಬಿಕೆ ಗಂಡಸಿಗೆ ಐವತ್ತು ದಾಟಿದ ಮೇಲೆ ಅಂಟಿಕೊಳ್ಳುವ ಕಾಯಿಲೆ. ಕೆಲವರಿಗೆ ಅದು ನಲ್ಲಿ, ಮಿಕ್ಸಿಗಳಲ್ಲೇ ವಾಸಿಯಾಗುತ್ತದೆ. ನನಗೆ ಸಿಕ್ಕಿದ್ದು ಅಜ್ಜನ ಕಾಲದ ಮೋಟಾರು ಕಾರು. ಹೊಸಪೇಟೆಯ ನಮ್ಮ ಶೆಡ್ಡಿನಲ್ಲಿರುವ ಈ ಮುದುಕ ಸಪಾಟು ರಸ್ತೆಯಲ್ಲಿ ಸಾಧು, ಸಂಡೂರು ಘಾಟಿ ಹತ್ತಿದರೆ ಕೆಂಡಾಮಂಡಲ. ಕಾದ ನೀರು ತಾನೇ ಮೇಲೇರಿ, ರೇಡಿಯೇಟರಿನಲ್ಲಿ ಆರಿ, ತಾನೇ ಕೆಳಗಿಳಿಯಲಿ ಎಂದು ಕಟ್ಟಿದವರು ದೇವರ ಮೇಲೆ ಭಾರ ಹಾಕಿದ್ದರು. ನೀರು ತಳ್ಳುವ ಪಂಪು ಇರಲಿಲ್ಲ. ಸಾಲದ್ದಕ್ಕೆ ಅದಿರಿನ ಕೆಂಪು ಧೂಳು ಸಂದುಸಂದಿಗೂ ಮೆತ್ತಿ ಗಾಳಿಯ ದಾರಿ ಮುಚ್ಚಿತ್ತು. ವರ್ಷವಿಡೀ ಕೂತು ಧೂಳು ತೊಳೆದೆ, ಪಂಪು ಕೂರಿಸಿದೆ, ಬ್ಯಾಟರಿಯಿಂದ ತಿರುಗುವ ಫ್ಯಾನು ಹಾಕಿದೆ. ಊಟಕ್ಕೆ ಕೂತರೂ ಹೆಂಡತಿ ಸುಮಂಗಲಳಿಗೆ ಪಂಪಿನ ಪುರಾಣವೇ. ಅವಳು "ಹೂಂ" ಎನ್ನುತ್ತಾ ಸಾರು ಬಡಿಸುತ್ತಿದ್ದಳು.

ಕೊನೆಗೊಂದು ದಿನ ಅವ್ವನನ್ನೂ ಸುಮಂಗಲಳನ್ನೂ ಹಿಂದೆ ಕೂರಿಸಿಕೊಂಡು ಪರೀಕ್ಷೆಗೆ ಹೊರಟೆ. "ಘಾಟಿನ್ಯಾಗ ನಿಂದ್ರತೈತಲ್ಲ, ಅಲ್ಲೇ ತಿನ್ನೋಣು" ಎಂದು ಅವ್ವ ಒಗ್ಗರಣೆ ಮಂಡಕ್ಕಿ ಕಟ್ಟಿಕೊಂಡಿದ್ದಳು. ಕಾರು ಮಾತ್ರ ಸರಾಗವಾಗಿ ಹತ್ತಿಬಿಟ್ಟಿತು. ಯಾವಾಗಲೂ ಕುದ್ದು ನಿಲ್ಲುತ್ತಿದ್ದ ಹುಣಸೆಮರದ ತಿರುವನ್ನೂ ದಾಟಿದಾಗ ನನ್ನ ಎದೆ ಉಬ್ಬಿತು.

"ಯಾಕಲೇ, ನಿಲ್ಲಲಿಲ್ಲ?" ಎಂದಳು ಅವ್ವ.

"ಇನ್ನ ಎಂದೂ ನಿಲ್ಲಂಗಿಲ್ಲ ಬೇ!"

ಅವ್ವನ ಮುಖ ಸಪ್ಪಗಾಯಿತು. "ಮನಿ ತುಂಬ ಅತ್ತಿ, ಮಾವ, ಮೈದುನರು. ನಿಮ್ಮಪ್ಪ ನನ್ ಜೋಡಿ ಮನಸು ಬಿಚ್ಚಿ ಮಾತಾಡಿದ್ದೆಲ್ಲ ಆ ಮರದ ಕೆಳಗನ. ಗಾಡಿ ಕುದ್ದು ನಿಂತ್ರ ಯಾರೂ ತಪ್ಪು ಹಿಡೀತಿರಲಿಲ್ಲ. ತಣ್ಣಗಾದ ಮ್ಯಾಲೂ ಬಾನೆಟ್ ಮುಟ್ಟಿ, 'ಇನ್ನೂ ಆರಿಲ್ಲ' ಅಂತಿದ್ರು. ಇನ್ನೊಮ್ಮಿ ಅಲ್ಲಿ ಕುಂದರಬೇಕಂತ ಬಂದಿದ್ನಿ."

ನನಗೆ ಸಂಕಟವಾಯಿತು. ಅಷ್ಟೆಲ್ಲ ಬೆವರು ಸುರಿಸಿ ನಾನು ರಿಪೇರಿ ಮಾಡಿ ತೆಗೆದುಹಾಕಿದ್ದು ಅವ್ವನಿಗೂ ತೀರಿಹೋದ ಅಪ್ಪನಿಗೂ ಇದ್ದ ಒಂದೇ ಜಾಗವನ್ನು. ಕಾರು ತಿರುಗಿಸಿ ತಂದು ಮರದ ಕೆಳಗೆ ನಿಲ್ಲಿಸಿ, ಸುಮ್ಮನೆ ಬಾನೆಟ್ ಎತ್ತಿದೆ. ಲಾರಿ ಡ್ರೈವರೊಬ್ಬ ನಿಧಾನಿಸಿ, "ಕುದ್ದೈತೇನ್ರಿ? ನೀರು ಕೊಡ್ಲೇನ್ರಿ?" ಎಂದ. "ಭಾಳ ಕುದ್ದೈತ್ರಿ, ನೀರು ಬ್ಯಾಡ" ಎಂದೆ. ಆ ಸುಳ್ಳು ಹೇಳುವಾಗ ನನ್ನ ಪಂಪಿನ ಕಡೆ ನೋಡಲಾಗಲಿಲ್ಲ.

ಅವ್ವ ಬೇರಿನ ಮೇಲೆ ಕೂತು, ಪಕ್ಕದ ಜಾಗವನ್ನು ಸೆರಗಿನಿಂದ ಒರೆಸಿದಳು. ನಾನು ಕೂರಲು ಹೋದರೆ, "ಇಲ್ಲಲ್ಲ. ಅಕಿ ಜೋಡಿ ಕುಂದ್ರ ಹೋಗು" ಎಂದು ಆಚೆ ಕಲ್ಲಿನ ಮೇಲಿದ್ದ ಸುಮಂಗಲಳನ್ನು ತೋರಿಸಿದಳು.

ಹೋಗಿ ಕೂತೆ. ನಮ್ಮ ಮನೆಯಲ್ಲಿ ಗಂಡ ಹೆಂಡತಿಯ ಮಾತಿಗೆ ಯಾರ ಅಡ್ಡಿಯೂ ಇಲ್ಲ. ಆದರೂ ಏನು ಮಾತಾಡಬೇಕೆಂದು ತೋಚಲಿಲ್ಲ. ಕೊನೆಗೆ, "ಆ ಪಂಪ್ ಐತಲ್ಲ..." ಎಂದು ಶುರು ಮಾಡಿದೆ.

ಸುಮಂಗಲ ಎದ್ದು ಹೋಗಿ ಬಾನೆಟ್ ಇಳಿಸಿ, ಅದರ ಮೇಲೆ ಕೈಯಿಟ್ಟು ನೋಡಿದಳು. "ಆರೈತ್ರಿ, ನಡೀರಿ" ಎಂದಳು.