ಅಳಿಯನ ದವಡೆ ಹಲ್ಲು

ಎಲ್ಲ ಅನಾಹುತಕ್ಕೂ ಮೂಲ ವೀರೇಶನ ಬಲದವಡೆಯ ಒಂದೇ ಒಂದು ಹಲ್ಲು. ದಾಂಡೇಲಿಯ ನಲ್ಲಿ-ಪೈಪಿನ ಅಂಗಡಿಯಲ್ಲಿ ಕೆಲಸಕ್ಕೆ ಕೂತು, ಗಂಟೆಗೊಮ್ಮೆ ಚಹಾದಲ್ಲಿ ಬಿಸ್ಕೀಟು ಅದ್ದಿ ತಿಂದು ತಿಂದು ಅದಕ್ಕೆ ತೂತು ಬಿದ್ದಿತ್ತು.

"ಸಿಹಿ ತಿಂದಾಗಲೆಲ್ಲ ಬಾಯಲ್ಲಿ ಅರ್ಧ ಗಂಟೆ ಆಮ್ಲ ಹುಟ್ಟಿ ಹಲ್ಲನ್ನ ಕರಗಿಸುತ್ತೆ. ಎಷ್ಟು ತಿಂದಿರಿ ಅನ್ನೋದಕ್ಕಿಂತ ದಿನಕ್ಕೆ ಎಷ್ಟು ಸಲ ತಿಂದಿರಿ ಅನ್ನೋದು ಮುಖ್ಯ," ಎಂದಿದ್ದರು ಹಲ್ಲಿನ ಡಾಕ್ಟರಮ್ಮ. "ಗುರುವಾರ ಬನ್ನಿ, ಬೇರಿಗೆ ಚಿಕಿತ್ಸೆ ಮಾಡಿ ಉಳಿಸ್ತೀನಿ. ಅಲ್ಲಿವರೆಗೆ ಸಿಹಿ ಮುಟ್ಟಬೇಡಿ. ಬರೋದು ತಪ್ಪಿಸಿದರೆ ಮಾತ್ರ ಕೀಳೋದೇ ಸೈ." ಇಪ್ಪತ್ತೊಂಬತ್ತಕ್ಕೇ ಬೊಚ್ಚುಬಾಯಿಯ ಚಿತ್ರ ಕಣ್ಣಮುಂದೆ ಬಂದು ವೀರೇಶ ನಡುಗಿದ.

ಆದರೆ ಬುಧವಾರ ನಾಗರ ಪಂಚಮಿ. ತವರಿಗೆ ಹೋಗಿದ್ದ ಹೆಂಡತಿ ದಾನೇಶ್ವರಿಯನ್ನು ಕರೆತರಲು ಅವಳ ಹಳ್ಳಿ ಇಂದೂರಿಗೆ ಹೋಗಲೇಬೇಕು. ಪಂಚಮಿಗೆ ಹೋದ ಅಳಿಯ ಉಂಡಿ ತಿನ್ನದೆ ಬರುವುದೆಂದರೆ ಕೆರೆಗೆ ಇಳಿದು ಒದ್ದೆಯಾಗದೆ ಬಂದಂತೆ.

ಬಾಗಿಲಲ್ಲೇ ಅತ್ತೆ ನೀಲಕ್ಕ ತಟ್ಟೆ ಹಿಡಿದು ನಿಂತಿದ್ದರು. ಶೇಂಗಾದುಂಡಿ, ಎಳ್ಳುಂಡಿ, ಬುಂದೆ ಉಂಡಿ, ತಂಬಿಟ್ಟು.

"ಅಳಿಯಂದ್ರ, ತಗೋರಿ."

"ಬ್ಯಾಡ್ರಿ ಅತ್ತಿ, ಡಾಕ್ಟರು ಸಿಹಿ ತಿನಬ್ಯಾಡ್ರಿ ಅಂದಾರ."

ಕಟ್ಟೆಯ ಮೇಲಿದ್ದ ಪಕ್ಕದ ಮನೆಯ ಯಲ್ಲವ್ವಜ್ಜಿ ಎದೆ ಹಿಡಿದುಕೊಂಡಳು. "ಅಯ್ಯ ಶಿವನ! ಈ ವಯಸ್ಸಿಗೇ ಶುಗರ್ ಬಂತೇನ್ರಿ?"

"ಶುಗರ್ ಅಲ್ಲಬೇ, ಹಲ್ಲು..."

"ನೆವ ಹೇಳಬ್ಯಾಡ್ರಿ. ನಮ್ಮ ಕಾಕಾನ ಮಗನೂ ಮೊದ್ಲ ಹಿಂಗ ಅಂತಿದ್ದ."

ಸುದ್ದಿಗೆ ಕಾಲು ಬಂತು. ಮೂರನೆಯ ಓಣಿ ಮುಟ್ಟುವಷ್ಟರಲ್ಲಿ ವೀರೇಶ ದಿನಕ್ಕೆರಡು ಇಂಜೆಕ್ಷನ್ ಚುಚ್ಚಿಕೊಳ್ಳುವ ರೋಗಿಯಾಗಿದ್ದ. ದಾನೇಶ್ವರಿ ಅವನನ್ನು ಒಳಗೆ ಎಳೆದಳು. "ಜಡ್ಡು ಮುಚ್ಚಿಟ್ಟು ಲಗ್ನ ಆಗ್ಯಾನ ಅಂತ ಮಾತಾಡಾಕತ್ತಾರ. ಮನಿಮನಿಗೆ ಹೋಗಿ ಒಂದೊಂದು ಉಂಡಿ ತಿಂದು ಬರ್ರಿ. ನನ್ನ ಮಾನ ಉಳಸ್ರಿ!"

ಮಾನವೇನೋ ಉಳಿಯಿತು. ಐದು ಮನೆ, ಐದು ಉಂಡಿ. ಕೊನೆಯ ಎಳ್ಳುಂಡಿ ಹಲ್ಲಿನ ತೂತಿನಲ್ಲೇ ಬಿಡಾರ ಹೂಡಿತು. ನೋವು ದವಡೆಯಿಂದ ಕಿವಿಗೆ, ಕಿವಿಯಿಂದ ನೆತ್ತಿಗೆ ಏರಿತು.

ಕೆನ್ನೆ ಹಿಡಿದು ಹೊರಬಂದರೆ ಓಣಿಯ ತುದಿಯಲ್ಲಿ ಪಂಚಮಿಯ ಪಂದ್ಯ ನಡೆದಿತ್ತು. ಯಲ್ಲವ್ವನ ಗಂಡ ದ್ಯಾಮಪ್ಪಜ್ಜ, ಎಪ್ಪತ್ತೆಂಟರ ಮುದುಕ, ಎರಡೂ ಕೈ ಬೆನ್ನಿಗೆ ಕಟ್ಟಿ ಅರ್ಧ ಚೀಲ ಜೋಳದ ಮೇಲೆ ಬಾಗಿದ. ಚೀಲದ ಬಾಯಿಯನ್ನು ಹಲ್ಲಿನಿಂದ ಕಚ್ಚಿದ. ಕುತ್ತಿಗೆಯ ನರ ಹಗ್ಗದಂತೆ ಉಬ್ಬಿದವು. ಚೀಲ ನೆಲ ಬಿಟ್ಟಿತು! ಒಂದು ಗೇಣು, ಎರಡು ಗೇಣು. ಸೀಟಿ ಹೊಡೆಯುತ್ತಿದ್ದವರೂ ಸೀಟಿ ಮರೆತರು.

ಅಜ್ಜ ಚೀಲ ಇಳಿಸಿ ನಕ್ಕ. ಮೂವತ್ತೆರಡೂ ಹಲ್ಲು, ಗೋವಿನಜೋಳದ ತೆನೆಯಂತೆ, ಒಂದಾದರೂ ಕಪ್ಪಿಲ್ಲ, ಒಂದಾದರೂ ಸಡಿಲವಾಗಿಲ್ಲ. ವೀರೇಶ ನೋವನ್ನೇ ಮರೆತ. ಇಷ್ಟು ವರ್ಷ ತನ್ನ ಬಾಯಲ್ಲೂ ಇಂಥದೊಂದು ಅದ್ಭುತ ಇತ್ತಲ್ಲ, ಅದನ್ನು ಚಹಾದಲ್ಲಿ ಅದ್ದಿ ಹಾಳು ಮಾಡಿಕೊಂಡೆನಲ್ಲ ಎಂದು ಅವನ ಕಣ್ಣು ತುಂಬಿ ಬಂದವು. ಹೋಗಿ ಅಜ್ಜನ ಕಾಲಿಗೆ ಬಿದ್ದ.

"ಅಜ್ಜಾರ, ಏನ್ ತಿಂತೀರಿ ನೀವು?"

"ಏನಿಲ್ಲೋ ತಮ್ಮಾ. ಎರಡು ಹೊತ್ತು ಕಟಕ ರೊಟ್ಟಿ, ಪಲ್ಯ, ಉಳ್ಳಾಗಡ್ಡಿ, ಮಜ್ಜಿಗಿ. ನಡುವ ಏನೂ ಬಾಯಿಗೆ ಹಾಕೂದಿಲ್ಲ. ಐವತ್ತೈದು ವರ್ಷ ಆತು, ಹಬ್ಬದಾಗೂ ಉಂಡಿ ಮುಟ್ಟಿಲ್ಲ."

ವೀರೇಶನ ಮೈ ಜುಮ್ಮೆಂದಿತು. ಚೀಲದ ಮೇಲೆ ಕೈಯಿಟ್ಟು ಊರೆಲ್ಲ ಕೇಳುವಂತೆ ಆಣೆ ಮಾಡಿ ಕೂಗಿದ: "ಈ ಜೋಳದಾಣಿ! ಇವತ್ತಿನಿಂದ ನಾನೂ ಅಜ್ಜಾರ ಹಂಗ ಬಾಳೇವು ಮಾಡ್ತೇನಿ!"

ನೀಲಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡರು. "ಹೆಂಗ ಕೇಳೂದು ಅಂತ ಎರಡು ವರ್ಷದಿಂದ ಒದ್ದಾಡತಿದ್ದೆ. ನೀವಾಗೇ ಅಂದ್ರಿ, ನನ್ನಪ್ಪಾ!"

ಹಲ್ಲಿನ ವಿಷಯಕ್ಕೆ ಅತ್ತೆ ಇಷ್ಟು ಅಳುವುದೇಕೆಂದು ವೀರೇಶನಿಗೆ ತಿಳಿಯಲಿಲ್ಲ. ಅಜ್ಜ ಅವನ ಕಿವಿಗೆ ಬಾಗಿದ.

"ತಮ್ಮಾ, ನಾ ಈ ಊರಾಂವ ಅಲ್ಲ. ಇಪ್ಪತ್ಮೂರಕ್ಕ ಯಲ್ಲವ್ವನ ಮನಿಗೆ ಮನಿ ಅಳಿಯ ಆಗಿ ಬಂದೆ. ಬಂದ ದಿನ ಕೈಯಾಗ ಉಂಡಿ ಕೊಟ್ರು, ಮರುದಿನ ಎತ್ತು ಹೊಡಿಯೂ ಬಾರಕೋಲು ಕೊಟ್ರು. ಮನಿ ಅಳಿಯಗ ಉಂಡಿ ತಿನ್ನು ಅಂತ ಯಾರು ಬಲವಂತ ಮಾಡ್ತಾರ? ಬಾಯಿಬಿಟ್ಟು ಕೇಳಾಕ ನನಗ ನಾಚಿಕಿ. ಹಿಂಗಾಗಿ ಹಲ್ಲು ಉಳದಾವ."

ವೀರೇಶ ಗಾಬರಿಯಾಗಿ ತಿರುಗಿದ. ಗಂಡ ಇನ್ನು ಕೆಲಸಕ್ಕೆ ಬರುವುದಿಲ್ಲವೆಂದು ಹೇಳಲು ದಾನೇಶ್ವರಿ ಆಗಲೇ ಅಂಗಡಿ ಮಾಲೀಕನಿಗೆ ಫೋನು ಹಚ್ಚಿದ್ದಳು.

"ಅತ್ತಿ, ನಾ ಅಂದದ್ದು ಬರೇ ಊಟದ ಮಾತ್ರೀ..."

"ಅದ ಮತ್ತ. ಅಂಗಡ್ಯಾಗ ಕೂತ್ರ ಆ ಚಾ ಬಿಸ್ಕೀಟು ನಿಮ್ಮನ್ನ ಬಿಡ್ತಾವೇನು? ನಮ್ಮ ಗದ್ದ್ಯಾಗ ಇಳದ್ರ ಎರಡು ಹೊತ್ತಿನ ರೊಟ್ಟಿ ತಾನ ರುಚಿ ಹತ್ತತೈತಿ. ನಮಗೂ ಇರೂದು ಒಬ್ಬಾಕಿ ಮಗಳು. ಜೋಳ ಮುಟ್ಟಿ ಆಣಿ ಮಾಡೀರಿ."

"ನಾಳೆ ಗುರುವಾರರೀ! ದಾಂಡೇಲಿಗೆ ಹೋಗದಿದ್ರ ನನ್ನ ಹಲ್ಲು ಕಿತ್ತ ಬಿಡ್ತಾರ!"

ನೀಲಕ್ಕ ಉಂಡಿಯ ತಟ್ಟೆಯ ಮೇಲೆ ಬಟ್ಟೆ ಮುಚ್ಚಿ, ಅದನ್ನು ಒಳಗೆ ಒಯ್ಯುತ್ತ ಹೇಳಿದರು:

"ನಾಳೆ ಗದ್ದ್ಯಾಗ ನಾಟಿ ಐತೋ ವೀರೇಶಾ. ನಸುಕಿನಾಗ ಏಳು. ಹಲ್ಲು ಎಲ್ಲಿ ಓಡಿಹೋಗ್ತೈತಿ?"