ರೇಡಿಯೋ ವಂತಿಕೆ

ನಮ್ಮ ಮಾವ ಸರ್ಕಾರಕ್ಕೆ ಒಂದು ಪೈಸೆ ಬಾಕಿ ಇಟ್ಟವರಲ್ಲ. ಅವರ ತಕರಾರೇನಿದ್ದರೂ ಸರ್ಕಾರ ತಮ್ಮಿಂದ ತೆಗೆದುಕೊಳ್ಳುತ್ತಿಲ್ಲ ಎಂಬುದೇ! ಇಂಥ ತಕರಾರಿನ ಮನುಷ್ಯ ದೇವನಹಳ್ಳಿ ತಾಲ್ಲೂಕಿನಲ್ಲಿ ಇನ್ನೊಬ್ಬರಿದ್ದರೆ ದಯವಿಟ್ಟು ತಿಳಿಸಿ. ಇಬ್ಬರನ್ನೂ ಒಂದೇ ಜಗಲಿಯ ಮೇಲೆ ಕೂರಿಸಿ ನಾವು ನಾಲ್ಕು ದಿನ ನೆಮ್ಮದಿಯಾಗಿರುತ್ತೇವೆ.

ಮಾವ ಎಂದರೆ ನಮ್ಮಮ್ಮನ ಅಣ್ಣ. ಕುಂದಾಣದ ಹತ್ತಿರ ದ್ರಾಕ್ಷಿ ತೋಟ, ಕೊಟ್ಟಿಗೆಯಲ್ಲಿ ಹಸು, ಹಿತ್ತಲಲ್ಲಿ ಚಕ್ಕೋತದ ಮರ, ಮನೆಯೊಳಗೆ ಅತ್ತೆ ಮತ್ತು ರೇಡಿಯೋ. ಹಿಂದೆ ರೇಡಿಯೋಗೆ ಲೈಸೆನ್ಸ್ ಇತ್ತು. ವರ್ಷ ವರ್ಷ ಪೋಸ್ಟಾಫೀಸಿನಲ್ಲಿ ದುಡ್ಡು ಕಟ್ಟಬೇಕಿತ್ತು. ಅದನ್ನು ತೆಗೆದುಹಾಕಿದಾಗ ಊರಿಗೆ ಊರೇ ಖುಷಿಪಟ್ಟಿತು. ಮಾವ ಮಾತ್ರ ಎಂದಿನಂತೆ ದುಡ್ಡು ಹಿಡಿದು ಕಿಟಕಿಯ ಮುಂದೆ ಹೋಗಿ ನಿಂತರಂತೆ.

"ಮನ್ನಾ ಆಗಿದೆ ಕಣಪ್ಪಾ, ಮನೆಗೆ ಹೋಗು" ಎಂದರಂತೆ ಪೋಸ್ಟ್ ಮಾಸ್ಟರು.

"ಕಟ್ಟೋದು ಮನ್ನಾ ಆಗೈತೆ ಸ್ವಾಮಿ. ಕೇಳೋದು ಮನ್ನಾ ಆಗಿಲ್ವಲ್ಲ?"

ಪೋಸ್ಟ್ ಮಾಸ್ಟರು ಕಿಟಕಿ ಮುಚ್ಚಿದರು. ಊಟದ ಹೊತ್ತಾಗಿರಬೇಕು ಎಂದುಕೊಂಡು ಮಾವ ಅಲ್ಲೇ ಕಾದರು.

ಆಮೇಲೆ ಎಷ್ಟೋ ವರ್ಷ ಸುಮ್ಮನಿದ್ದರು. ಮೊನ್ನೆ ಮೊನ್ನೆ ಯಾರೋ ಪುಣ್ಯಾತ್ಮ ಊರಲ್ಲಿ ಸುದ್ದಿ ಹಬ್ಬಿಸಿದ. ಖರ್ಚು ಗಿಟ್ಟುವುದಿಲ್ಲವಂತೆ, ಬೆಳಗಿನ ಕನ್ನಡ ಕಾರ್ಯಕ್ರಮ ನಿಲ್ಲಿಸಿ ಬೇರೆ ಎಲ್ಲಿಂದಲೋ ಬರುವುದನ್ನೇ ಹಾಕುತ್ತಾರಂತೆ! ಬೇರೆ ಮನೆಗಳಲ್ಲಿ ಇದೊಂದು ಸುದ್ದಿ, ಅಷ್ಟೇ. ಆದರೆ ನಮ್ಮತ್ತೆಗೆ ಸಕ್ಕರೆ ಕಾಯಿಲೆಯಿಂದ ಎರಡೂ ಕಣ್ಣು ಹೋಗಿವೆ. ಬೆಳಗ್ಗೆ ನಮಸ್ಕಾರ ಹೇಳಿ ಹವಾಮಾನ ಓದುವ ಆಯಮ್ಮನ ದನಿಯೇ ಅವರಿಗೆ ಸಂಗಾತಿ. "ಅಯ್ಯೋ, ಇನ್ಮೇಲೆ ಆ ಹುಡುಗಿ ಬರಲ್ವಂತಾ?" ಎಂದು, ಪಕ್ಕದ ಮನೆಯವರು ಊರು ಬಿಡುತ್ತಾರೇನೋ ಎನ್ನುವ ಹಾಗೆ ಕೇಳಿದರು. ಮಾವ ಮುದ್ದೆಯ ತಟ್ಟೆ ಬಿಟ್ಟು ಎದ್ದು ಹೋದರು.

ನಮ್ಮ ಕಡೆ ಊರೊಟ್ಟಿನ ಕೆಲಸ ಏನೇ ಇರಲಿ, ಕೆರೆ ಏರಿ ರಿಪೇರಿಯೋ ನಾಟಕವೋ, ಮನೆಗಿಷ್ಟು ಎಂದು ವಂತಿಕೆ ಎತ್ತುತ್ತಾರೆ. ದುಡ್ಡಿಲ್ಲದಿದ್ದರೆ ರಾಗಿಯಾದರೂ ಆಯಿತು, ಅವರೆಕಾಯಾದರೂ ಆಯಿತು. ಮಾವನ ತಲೆಗೆ ಹೊಳೆದದ್ದು ಇದೇ. ರೇಡಿಯೋ ಊರೊಟ್ಟಿನದು ತಾನೆ? ಹಾಗಾದರೆ ಎತ್ತಿ ವಂತಿಕೆ!

ಮಾರನೇ ಬೆಳಗ್ಗೆ ಹಾಲಿನ ಡೈರಿಯ ಗೋಡೆಗೆ ಮೊಳೆ ಹೊಡೆದು, ಇನ್ನೊಂದು ರೇಡಿಯೋ ತಂದು ನೇತುಹಾಕಿದರು. ವಂತಿಕೆ ಕೊಟ್ಟವರು ಬಂದರೆ ದನಿ ಜೋರು. ಕೊಡದವರು ಕ್ಯಾನ್ ಹಿಡಿದು ಬಂದರೆ ಗುಂಡಿ ತಿರುಗಿಸಿ ದನಿ ಮೆಲ್ಲಗೆ. ಇಬ್ಬರೂ ಒಟ್ಟಿಗೆ ಬಂದರೆ? ಕೊಡದವನು ಕಿವಿಗೆ ಟವೆಲ್ ಸುತ್ತಿಕೊಳ್ಳಬೇಕು. ಮಳೆ ಬರುತ್ತೋ ಇಲ್ಲವೋ ಎಂದು ತಿಳಿಯಲು ಇಬ್ಬರು ಗೌಡರು ಡೈರಿಯ ಹಿಂಗೋಡೆಗೆ ಕಿವಿ ಆನಿಸಿ ನಿಂತಿದ್ದನ್ನು ಊರಿಗೆ ಹೋದಾಗ ನಾನೇ ಕಣ್ಣಾರೆ ಕಂಡಿದ್ದೇನೆ.

ಡೈರಿ ಸೆಕ್ರೆಟರಿಗೆ ರೇಗಿತು. "ಮಾವಾ, ಮೊಬೈಲಲ್ಲಿ ಎಲ್ಲಾ ಫ್ರೀ ಬರುತ್ತೆ. ಇದೇನು ನಿಮ್ಮ ಗೋಳು?"

"ಎಲ್ಲಿ ಫ್ರೀ ಕಣಲಾ? ಮಧ್ಯದಲ್ಲಿ ಬಂದು ಬನೀನು ಮಾರ್ತಾನೆ. ನಾನು ಕೇಳಿದ್ದು ಮಳೆ, ಅವನು ತೋರಿಸಿದ್ದು ಬನೀನು!"

"ಆಯ್ತು, ಸರ್ಕಾರ ಕೊಡಲ್ವಾ ರೇಡಿಯೋಗೆ?"

"ಹಸು ಬೇವಿನ ಸೊಪ್ಪು ತಿಂದ್ರೆ ಹಾಲು ಹೆಂಗಿರ್ತೈತೆ?"

"ಕಹಿ."

"ಸರ್ಕಾರ ಮೇವು ಹಾಕಿದ್ರೆ ಸರ್ಕಾರದ ವಾಸನೆ, ಕಂಪನಿ ಹಾಕಿದ್ರೆ ಕಂಪನಿ ವಾಸನೆ. ನಾವು ಹಾಕನ."

"ನಮ್ಮ ವಾಸನೆ ಮಾತ್ರ ಚೆನ್ನಾಗಿರ್ತದಾ?"

ಮಾವ ರೇಡಿಯೋ ದನಿ ತಗ್ಗಿಸಿದರು.

ಅಂತೂ ವಂತಿಕೆ ಕೂಡಿತು. ರಾಗಿ, ಅವರೆಕಾಯಿ, ಯಾರದೋ ಮನೆಯ ಹಲಸು. ತಮ್ಮ ಮನೆಯ ಲೆಕ್ಕಕ್ಕೆ ಮಾವ ಒಂದು ಮೂಟೆ ರಾಗಿ ಹಾಕಿದರು. ಅತ್ತೆ ಹಿತ್ತಲಿಗೆ ತಡವರಿಸಿಕೊಂಡು ಹೋಗಿ, ಮುಟ್ಟಿ ಮುಟ್ಟಿ ನೋಡಿ, ಒಂದು ಚಕ್ಕೋತ ಕಿತ್ತುಕೊಟ್ಟರು. "ಇದು ನಂದು" ಎಂದರು. ಹೊಸಕೋಟೆಯಲ್ಲಿ ತಣ್ಣಗಿದ್ದ ನನಗೆ ಫೋನು ಬಂತು. "ಅಳಿಯಾ, ಕಾರು ತಗೊಂಡು ಬಾ." ಹೋದೆ. ಹೋಗದಿದ್ದರೆ ಬಿಡುತ್ತಾರೆಯೇ?

ಬೆಂಗಳೂರಿನ ರೇಡಿಯೋ ಕೇಂದ್ರದ ಗೇಟಿನಲ್ಲಿ ಮೂಟೆಗಳನ್ನು ಇಳಿಸಿದೆವು. ವಾಚ್‌ಮನ್ ಕೇಳಿದ: "ಯಾರನ್ನ ನೋಡ್ಬೇಕು?"

"ಯಾರನ್ನೂ ನೋಡಬೇಕಾಗಿಲ್ಲ ಗುರು. ಇಷ್ಟು ದಿನ ಕೇಳಿದ್ದೀವಿ, ವಂತಿಕೆ ತಂದಿದ್ದೀವಿ."

ಒಬ್ಬ ಅಧಿಕಾರಿ ಬಂದರು, ಹಲಸಿನ ಹಣ್ಣು ನೋಡಿದರು, ಇನ್ನೊಬ್ಬ ಅಧಿಕಾರಿಯನ್ನು ಕರೆತಂದರು. ಬಹಳ ಮರ್ಯಾದೆಯಿಂದಲೇ ಹೇಳಿದರು: "ಯಜಮಾನ್ರೇ, ಇದನ್ನ ತಗೊಳ್ಳೋಕೆ ನಮ್ಮಲ್ಲಿ ರೂಲ್ಸ್ ಇಲ್ಲ." ನಲವತ್ತು ವರ್ಷದ ಹಿಂದಿನ ಪೋಸ್ಟಾಫೀಸಿನ ಕಿಟಕಿ ಮತ್ತೆ ಮುಚ್ಚಿತು. ಮಾವ ಈ ಸಲ ಕಾಯಲಿಲ್ಲ, ಬಗ್ಗಿ ಮೂಟೆಗೆ ಕೈಹಾಕಿದರು.

ಆಗ ಹಿಂದಿನಿಂದ ಒಂದು ದನಿ, "ಏನ್ ಸಾರ್ ಇದು?" ಎಂದಿತು. ಮಾವ ಬಗ್ಗಿದವರು ಹಾಗೇ ನಿಂತರು. ಅದು ಆಯಮ್ಮನ ದನಿ! ಡ್ಯೂಟಿ ಮುಗಿಸಿ ಹೊರಟಿದ್ದರು. ಮಾವ ಎದ್ದು ನಿಂತು ಕೈಮುಗಿದರು.

"ತಾಯಿ, ನಮ್ಮನೆಯವಳಿಗೆ ಕಣ್ಣಿಲ್ಲ. ಬೆಳಕಾಯ್ತು ಅಂತ ಅವಳಿಗೆ ಗೊತ್ತಾಗೋದೇ ನೀವು ಹೇಳಿದ ಮೇಲೆ. ನಿಲ್ಲಿಸಬೇಡಿ."

ಆಯಮ್ಮ ಮೂಟೆಗಳ ಕಡೆ ನೋಡಿದರು. "ನಿಲ್ಲಿಸೋದು ಬಿಡೋದು ನನ್ನ ಕೈಲಿಲ್ಲ ಯಜಮಾನ್ರೇ. ಇದರಲ್ಲಿ ನಿಮ್ಮನೆಯವರು ಕೊಟ್ಟಿದ್ದು ಯಾವುದು?" ಎಂದರು. ಮಾವ ಚಕ್ಕೋತ ಎತ್ತಿ ಕೊಟ್ಟರು. ಆಯಮ್ಮ ಅದೊಂದನ್ನು ತೆಗೆದುಕೊಂಡು, ಸೆರಗಿನಲ್ಲಿ ಇಟ್ಟುಕೊಂಡು ಹೋದರು. ಉಳಿದದ್ದೆಲ್ಲ ನನ್ನ ಕಾರಿನಲ್ಲೇ ಊರಿಗೆ ವಾಪಸು ಬಂತು. ಹಲಸಿನ ವಾಸನೆ ಕಾರಿನಲ್ಲಿ ಇವತ್ತಿಗೂ ಇದೆ.

ಆ ರಾತ್ರಿ ಅಲ್ಲೇ ಉಳಿದೆ. ಬೆಳಗ್ಗೆ ಎದ್ದು ನೋಡಿದರೆ, ಮಾವ ಅತ್ತೆಯ ಪಕ್ಕ ರೇಡಿಯೋ ಹಚ್ಚಿಟ್ಟು, ದನಿ ಸಣ್ಣ ಮಾಡಿ, ತಾವು ದೂರದ ಕೊಟ್ಟಿಗೆಯಲ್ಲಿ ಹಸುವಿನ ಜೊತೆ ಕೂತಿದ್ದಾರೆ!

"ಇದೇನು ಮಾವಾ, ಇಲ್ಲಿ?"

"ಅವಳ ವಂತಿಕೆ ತಗೊಂಡ್ರು. ನಂದು ತಗೊಳ್ಳಲಿಲ್ಲವಲ್ಲ ಅಳಿಯಾ. ನಾನು ಹೆಂಗೆ ಕೇಳಲಿ?"

ಒಳಗೆ ಬಂದು ಅತ್ತೆಗೆ ಹೇಳಿದೆ. ನಗುತ್ತಾರೆ ಅಂದುಕೊಂಡಿದ್ದೆ, ನಗಲಿಲ್ಲ. ಕೈಚಾಚಿ ರೇಡಿಯೋ ಹುಡುಕಿದರು, ಬೆರಳಲ್ಲಿ ತಡವಿ ಗುಂಡಿ ಹಿಡಿದರು, ಇನ್ನು ತಿರುಗುವುದಿಲ್ಲ ಎನ್ನುವವರೆಗೂ ತಿರುಗಿಸಿದರು. ಆಯಮ್ಮ ನಮಸ್ಕಾರ ಹೇಳಿದ್ದು ಮನೆ, ಅಂಗಳ ದಾಟಿ ಕೊಟ್ಟಿಗೆಯವರೆಗೂ ಕೇಳಿತು.

"ಕೇಳಿಸ್ತೇನ್ರೀ?" ಎಂದು ಅತ್ತೆ ಕೂಗಿದರು. "ಬೆಳಕಾಯ್ತಂತೆ, ಒಳಕ್ಕೆ ಬನ್ನಿ."